ಹಳೇ ಆರ್ಕೇಡ್ ಕ್ಯಾಬಿನೆಟ್ ಇಟ್ಟುಕೊಂಡವರೇ, ಮಾನಿಟರ್ ಬಿಚ್ಚಿ ಒಯ್ಯುವವರ ಬಗ್ಗೆ ಹುಷಾರು

ಹಳೇ ಆರ್ಕೇಡ್ ಕ್ಯಾಬಿನೆಟ್ (ದೊಡ್ಡ ಪೆಟ್ಟಿಗೆಯ ಹಳೇ ವಿಡಿಯೋ ಗೇಮ್ ಯಂತ್ರ) ಇರುವವರು ದಯವಿಟ್ಟು ಪೂರ್ತಿ ಓದಿ. ರಿಪೇರಿ ಹೆಸರಲ್ಲಿ ನನ್ನ ಮಾನಿಟರಿನ ಒಳ್ಳೇ ಪಿಕ್ಚರ್ ಟ್ಯೂಬ್ ತೆಗೆದಿಟ್ಟುಕೊಂಡು, ಸವೆದು ಹೋದ ಇನ್ನೊಂದನ್ನು ಕೂರಿಸಿ ಕಳಿಸಿದ್ದಾರೆ. ಅದಕ್ಕೆ ನನ್ನಿಂದಲೇ ದುಡ್ಡೂ ತೆಗೆದುಕೊಂಡಿದ್ದಾರೆ. ಹೇಳಿಕೊಳ್ಳೋಕೆ ಅವಮಾನ ಆಗುತ್ತದೆ. ಆದರೆ ಸುಮ್ಮನಿದ್ದರೆ ಮುಂದಿನವರಿಗೂ ಇದೇ ಗತಿ.

ತೊಂದರೆ ಇದ್ದದ್ದು ಎರಡು. ಆಟ ನಡೆಯುತ್ತಿರುವಾಗಲೇ ಆಟದ ಚಿಪ್‌ಗಳಿರುವ ಬೋರ್ಡ್ ರೀಸೆಟ್ ಆಗುತ್ತಿತ್ತು. ಚಿತ್ರದ ಅಂಚು ಬಳುಕುತ್ತಿತ್ತು. ಈ ಯಂತ್ರಗಳಲ್ಲಿ ಇದು ಮಾಮೂಲಿ. ಮೊದಲನೆಯದು ಹೆಚ್ಚಾಗಿ ಬೋರ್ಡಿಗೆ ಕರೆಂಟ್ ಕೊಡುವ 5 ವೋಲ್ಟ್ ಲೈನಿನ ಗೋಳು. ಎರಡನೆಯದಕ್ಕೆ ಟ್ಯೂಬನ್ನು ನಡೆಸುವ ಸರ್ಕ್ಯೂಟ್ ಆದ ಮಾನಿಟರ್ ಚಾಸಿಸ್‌ನಲ್ಲಿರುವ ಫಿಲ್ಟರ್ ಕೆಪಾಸಿಟರ್ ಒಣಗಿರುತ್ತದೆ. ಟ್ಯೂಬಿಗೂ ಇವೆರಡಕ್ಕೂ ಏನೂ ಸಂಬಂಧವಿಲ್ಲ. ನನ್ನ ಟ್ಯೂಬಂತೂ ಅಷ್ಟು ಚೆನ್ನಾಗಿತ್ತು, ಬಣ್ಣ ಗಟ್ಟಿ, ಗಾಜಿನ ಒಳಗೆ ಒಂದು ಕಲೆ ಇರಲಿಲ್ಲ.

ರಿಪೇರಿಯವನು ಬಂದ. ಸ್ವಿಚ್ ಹಾಕಿದ, ಎರಡು ನಿಮಿಷ ನೋಡಿದ. ಮೀಟರ್ ಹೊರಗೆ ತೆಗೆಯಲೇ ಇಲ್ಲ. "ಸಾರ್, ಮಾನಿಟರ್ ಹೋಗಿದೆ. ಕ್ಯಾಪ್ ಕಿಟ್ ಹಾಕಿ, ಫ್ಲೈಬ್ಯಾಕ್ ಬದಲಾಯಿಸಿ ತರ್ತೀನಿ. ಪವರ್ ಸಪ್ಲೈನೂ ಸೆಟ್ ಮಾಡಿಕೊಡ್ತೀನಿ" ಅಂದ. ಕ್ಯಾಪ್ ಕಿಟ್ ಅಂದರೆ ಹಳೇ ಕೆಪಾಸಿಟರ್‌ಗಳ ಬದಲಿಗೆ ಹಾಕುವ ಹೊಸವುಗಳ ಸೆಟ್, ಫ್ಲೈಬ್ಯಾಕ್ ಅಂದರೆ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್. ಚಾಸಿಸ್ ಒಯ್ಯುವುದು ಎಲ್ಲರಿಗೂ ಗೊತ್ತಿರುವ ವಿಷಯವೇ. ಟ್ಯೂಬನ್ನೂ ಫ್ರೇಮ್ ಸಮೇತ ಕೇಳಿದ. ಟ್ಯೂಬ್ ಜೊತೆಗಿದ್ದರೆ ಮಾತ್ರ ಅಡ್ಜಸ್ಟ್‌ಮೆಂಟ್ ಸರಿ ಬರುತ್ತದಂತೆ. ಆ ಮಾತು ಸುಳ್ಳೂ ಅಲ್ಲ, ಒಳ್ಳೇ ಮೆಕ್ಯಾನಿಕ್‌ಗಳೂ ಹಾಗೇ ಮಾಡುತ್ತಾರೆ. ಅದನ್ನೇ ಆತ ಬಳಸಿಕೊಂಡ.

ವಾಪಸ್ ಬಂದಾಗ ಚಿತ್ರ ಬಳುಕುತ್ತಿರಲಿಲ್ಲ. ಆದರೆ ಬಿಳಿ ಬಣ್ಣ ಮಂಕಾಗಿತ್ತು, ಕೆಂಪು ಹರಡಿಕೊಳ್ಳುತ್ತಿತ್ತು. ಕಪ್ಪು ಜಾಗದಲ್ಲಿ ಓರೆಯಾದ ತೆಳು ಗೆರೆಗಳು. "ಹೊಸ ಫ್ಲೈಬ್ಯಾಕ್ ಅಲ್ವಾ ಸಾರ್, ಸೆಟ್ ಆಗ್ಬೇಕು" ಅಂದ. ದುಡ್ಡು ಎಣಿಸಿಕೊಂಡು ಹೋದ.

ಆಟ ಮುಗಿಸಿ ಆಫ್ ಮಾಡಿದ್ದೆ. ಕೆಳಗೆ ಬಿದ್ದ ಸ್ಕ್ರೂ ಹುಡುಕಲು ಟಾರ್ಚ್ ಹಚ್ಚಿದ್ದೆ. ಬೆಳಕು ಓರೆಯಾಗಿ ಪರದೆ ಮೇಲೆ ಬಿತ್ತು. ಗಾಜಿನ ಒಳಗೆ ಗೆರೆಗಳು. ಒರೆಸಿದೆ, ಹೋಗಲಿಲ್ಲ. ಇನ್ನೂ ಹತ್ತಿರ ಹೋದೆ. ಮೂಲೆ ತಿರುಗುವ ಗೋಡೆಗಳು, ನಡುವೆ ಭೂತಗಳು ಕೂರುವ ಆ ಚೌಕ, ಮೇಲ್ಗಡೆ ಹೈ ಸ್ಕೋರ್ ಅನ್ನುವ ಅಕ್ಷರಗಳ ಗುರುತು. ಪ್ಯಾಕ್-ಮ್ಯಾನ್! 1980ರ ಆಟದ ಇಡೀ ಮೇಜ್ (ಗೋಡೆಗಳ ಚಕ್ರವ್ಯೂಹ) ಗಾಜಿನ ಒಳಗೆ ಬೆಳಗುವ ಲೇಪವಾದ ಫಾಸ್ಫರ್‌ನಲ್ಲಿ ಸುಟ್ಟು ಕೂತಿದೆ, ಇದಕ್ಕೇ ಬರ್ನ್ ಅನ್ನೋದು. ಅದೇ ಚಿತ್ರ ವರ್ಷಗಟ್ಟಲೆ ನಿಂತಲ್ಲೇ ನಿಂತರೆ ಮಾತ್ರ ಹಾಗೆ ಆಗುವುದು. ನನ್ನದು ವಿಮಾನದ ಶೂಟಿಂಗ್ ಆಟ. ನನ್ನ ಕ್ಯಾಬಿನೆಟ್ಟಿನಲ್ಲಿ ಪ್ಯಾಕ್-ಮ್ಯಾನ್ ಒಂದು ದಿನವೂ ಓಡಿಲ್ಲ. ಎರಡೂ ಉದ್ದಕ್ಕೆ ನಿಲ್ಲಿಸುವ ಮಾನಿಟರಿನ ಆಟಗಳು, ಹಾಗಾಗಿ ಟ್ಯೂಬ್ ಸರಿಯಾಗಿ ಕೂತುಬಿಟ್ಟಿದೆ. ನೆಲದ ಮೇಲೇ ಕೂತುಬಿಟ್ಟೆ. ನನ್ನ ಟ್ಯೂಬ್ ಎಲ್ಲಿ?

ಮಾರನೇ ದಿನ ಹಿಂದಿನ ಬಾಗಿಲು ತೆಗೆದು ಒಂದೊಂದೇ ನೋಡಿದೆ. "ಹೊಸ" ಫ್ಲೈಬ್ಯಾಕ್ ಮೇಲೆ ಜಿಡ್ಡು ಧೂಳು ಒತ್ತಾಗಿ ಕೂತಿತ್ತು, ಬೆರಳಲ್ಲಿ ಉಜ್ಜಿದರೂ ಬರಲಿಲ್ಲ. ಅದರ ಸ್ಕ್ರೀನ್ ತಿರುಪನ್ನು ತುಂಬಾ ಮೇಲಕ್ಕೆ ತಿರುಗಿಸಿಟ್ಟಿದ್ದ, ಸವೆದ ಟ್ಯೂಬಿನಲ್ಲಿ ಹೇಗಾದರೂ ಬೆಳಕು ಬರಲಿ ಅಂತ. ಆ ಓರೆ ಗೆರೆಗಳು ಅದರಿಂದಲೇ. ಕ್ಯಾಪ್ ಕಿಟ್ ಅಂತ ದುಡ್ಡು ತೆಗೆದುಕೊಂಡವನು ಬದಲಾಯಿಸಿದ್ದು ಒಂದೇ ಒಂದು ದೊಡ್ಡ ಫಿಲ್ಟರ್ ಕೆಪಾಸಿಟರ್. ಉಳಿದ ಬೆಸುಗೆಗಳೆಲ್ಲ ಹಳೆಯವು, ಬಣ್ಣಗೆಟ್ಟವು.

ಪವರ್ ಕಡೆ ಇನ್ನೂ ಕೆಟ್ಟದು. ಸಪ್ಲೈ ಹತ್ತಿರ ಅಳೆದರೆ 5.5 ವೋಲ್ಟ್. ಆಟದ ಬೋರ್ಡ್ ಹತ್ತಿರ ಅಳೆದರೆ 4.8. ನಡುವೆ ಎಲ್ಲಿ ಹೋಯಿತು? ಆಟದ ಬೋರ್ಡನ್ನು ಕ್ಯಾಬಿನೆಟ್ಟಿನ ವೈರಿಂಗಿಗೆ ಜೋಡಿಸುವ ಜಾಮಾ ಕನೆಕ್ಟರ್ ಎಳೆದು ನೋಡಿದೆ. ಅದರಲ್ಲಿ 56 ಪಿನ್, 5 ವೋಲ್ಟ್ ಬರುವುದು ಅವುಗಳಲ್ಲಿ ನಾಲ್ಕರಲ್ಲಿ. ಎರಡು ಸುಟ್ಟು ಕಪ್ಪಾಗಿದ್ದವು, ಪ್ಲಾಸ್ಟಿಕ್ ಕಂದಿತ್ತು. ರೀಸೆಟ್ ಆಗುತ್ತಿದ್ದದ್ದು ಇದರಿಂದಲೇ! ಕನೆಕ್ಟರ್ ಬದಲಾಯಿಸಿದ್ದರೆ ಮುಗಿಯುತ್ತಿತ್ತು. ಆತ ಸಪ್ಲೈ ತಿರುಪನ್ನು ಮೇಲಕ್ಕೆ ತಿರುಗಿಸಿ ಹೋಗಿದ್ದಾನೆ. ನಾಳೆ ಯಾರಾದರೂ ಹೊಸ ಕನೆಕ್ಟರ್ ಹಾಕಿದರೆ ಆ 5.5 ಹೆಚ್ಚು ಕಮ್ಮಿ ಪೂರ್ತಿಯಾಗಿ ಬೋರ್ಡಿಗೆ ಹೋಗುತ್ತದೆ. ಆ ಚಿಪ್‌ಗಳಿಗೆ 5.25 ದಾಟಬಾರದು. ಸಿಗದ ಚಿಪ್‌ಗಳು ಅವು! ಫ್ಯೂಸ್ ಇರಬೇಕಾದ ಕಡೆ ತಾಮ್ರದ ತಂತಿ ಸುತ್ತಿದ್ದ. ಚಾಸಿಸ್ ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಮರದ ಪೆಟ್ಟಿಗೆಗೇ ಬೆಂಕಿ. ಅರ್ತ್ ವೈರ್ ಕತ್ತರಿಸಿ ಟೇಪ್ ಸುತ್ತಿದ್ದ. ಇದನ್ನು ಬರೆಯುವಾಗ ಮತ್ತೆ ಮೈ ಉರಿಯುತ್ತದೆ.

ಮೇಜ್‌ನ ಫೋಟೋ ಕಳಿಸಿದೆ. ಉತ್ತರ: "ಅದು ನಿಮ್ಮ ಟ್ಯೂಬಲ್ಲೇ ಇತ್ತು ಸಾರ್, ನೀವು ನೋಡಿರ್ಲಿಲ್ಲ." ರಿಪೇರಿಗೆ ಮುಂಚೆ ತೆಗೆದಿದ್ದ, ಪರದೆ ಆಫ್ ಇರುವ ಫೋಟೋ ಕಳಿಸಿದೆ. ಸ್ವಚ್ಛವಾದ ಗಾಜು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ: "ಹಳೇ ಮಾಲಲ್ಲಿ ಎಲ್ಲಾದ್ರಲ್ಲೂ ಬರ್ನ್ ಇರುತ್ತೆ, ಆನ್ ಮಾಡಿದ್ರೆ ಕಾಣಲ್ಲ ಅಲ್ವಾ?" ಕಾಣುತ್ತೋ ಇಲ್ಲವೋ ಅಲ್ಲ, ನನ್ನ ಟ್ಯೂಬ್ ಎಲ್ಲಿದೆ ಅಂತ ಕೇಳಿದೆ. "ಟೆಸ್ಟಿಂಗ್‌ಗೆ ಬೇರೆ ಟ್ಯೂಬ್ ಹಾಕಿದ್ದೆ, ಅದೇ ಬಂದುಬಿಟ್ಟಿರ್ಬೇಕು. ನೋಡ್ತೀನಿ." ಮೊದಲು ನನ್ನದೇ ಅಂದವನು ಈಗ ಬೇರೆ ಹಾಕಿದ್ದೆ ಅನ್ನುತ್ತಾನೆ! ಹಾಗಾದರೆ ನನ್ನದು ವಾಪಸ್ ಕೊಡು ಅಂದೆ. ಆಗ ಬಂದದ್ದು ವಾಯ್ಸ್ ಮೆಸೇಜ್, ದನಿ ಏರಿಸಿ: "ಎಲ್ಲಾ ನಿಮಗೇ ಗೊತ್ತಿದ್ರೆ ನನ್ನ ಹತ್ರ ಯಾಕೆ ಕೊಟ್ರಿ? ನಿಮ್ಮಂಥ ಗಿರಾಕಿಗಳೇ ಬೇಡ ನಂಗೆ." ಅಷ್ಟೇ. ಆಮೇಲೆ ಬ್ಲಾಕ್.

ಫ್ಲೈಬ್ಯಾಕ್ ಬಗ್ಗೆ, ಫ್ಯೂಸ್ ಬಗ್ಗೆ, ಅರ್ತ್ ಬಗ್ಗೆ ಒಂದಕ್ಕೂ ಉತ್ತರವಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಮೀಟರ್ ತೆಗೆಯದೆ "ಮಾನಿಟರ್ ಹೋಗಿದೆ" ಅನ್ನುವವನನ್ನು ಬಾಗಿಲಲ್ಲೇ ಕಳಿಸಿ. 5 ವೋಲ್ಟನ್ನು ಸಪ್ಲೈ ಹತ್ತಿರ ಅಲ್ಲ, ಆಟ ಓಡುತ್ತಿರುವಾಗ ಬೋರ್ಡ್ ಹತ್ತಿರ ನಿಮ್ಮ ಕಣ್ಣೆದುರೇ ಅಳೆಯಲು ಹೇಳಿ. ಟ್ಯೂಬ್ ಕೊಡಲೇಬೇಕಾದರೆ ಅದರ ಲೇಬಲ್, ನಂಬರ್, ಆಫ್ ಆದ ಪರದೆ, ಎಲ್ಲದರ ಫೋಟೋ ಇಟ್ಟುಕೊಳ್ಳಿ. ಚಾಸಿಸ್ ಮೂಲೆಯಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ. ಬದಲಾಯಿಸಿದ ಹಳೇ ಭಾಗಗಳನ್ನೆಲ್ಲ ವಾಪಸ್ ಕೇಳಿ, ಇಲ್ಲಾಂದ್ರೆ ದುಡ್ಡು ಕೊಡಬೇಡಿ. ಸಂಶಯ ಬಂತು ಅಂತ ನೀವೇ ಟ್ಯೂಬಿಗೆ ಮಾತ್ರ ಕೈ ಹಾಕಬೇಡಿ. ಬಣ್ಣದ ಟ್ಯೂಬಿಗೆ ದಪ್ಪ ವೈರ್ ಸೇರುವ ಕಡೆ ಇರುವ ರಬ್ಬರ್ ಕಪ್ ಕೆಳಗೆ 20,000 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಇರುತ್ತದೆ, ಆಫ್ ಮಾಡಿದ ಮೇಲೂ ಉಳಿದಿರಬಹುದು.

ನನ್ನದು 19 ಇಂಚಿನ ಟ್ಯೂಬ್. ಲೇಬಲ್‌ನ ಬಲಗಡೆ ಮೂಲೆ ಹರಿದಿದೆ, ಅದರ ಪಕ್ಕ ನೀಲಿ ಪೆನ್ನಿನಲ್ಲಿ ಎಳೆದ ಅಡ್ಡ ಗೆರೆ ಇದೆ. ಒಂದೂ ಬರ್ನ್ ಇಲ್ಲದ ಹಳೇ ಟ್ಯೂಬ್ ಇದೆ ಅಂತ ಯಾರಾದರೂ ನಿಮಗೆ ಮಾರಲು ಬಂದರೆ ಆ ಲೇಬಲ್ ಒಮ್ಮೆ ನೋಡಿ, ನನಗೆ ತಿಳಿಸಿ.