ಡಿ ಅಂಡ್ ಡಿ ಐದನೇ ಎಡಿಷನ್: ಆರು ವರ್ಷ ಆಡಿಸಿದವನ ಲೆಕ್ಕ

2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಐದನೇ ಎಡಿಷನ್ ಬಗ್ಗೆ ಇದು. ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ: ಒಬ್ಬ ಕಥೆ ನಡೆಸುತ್ತಾನೆ (ಅವನೇ ಡಂಜನ್ ಮಾಸ್ಟರ್, ಡಿಎಂ), ಉಳಿದವರು ಒಂದೊಂದು ಪಾತ್ರ ಆಡುತ್ತಾರೆ, ಕೆಲಸ ಆಯಿತೋ ಇಲ್ಲವೋ ಅಂತ ಡೈಸ್ ಹೇಳುತ್ತದೆ. ಆರು ವರ್ಷದಿಂದ ಆಡಿಸುತ್ತಿದ್ದೇನೆ. ಆಡಿಸುವ ಕೆಲಸ ನನ್ನ ತಲೆಗೇ ಬಿದ್ದಿದ್ದು ಯಾಕೆ ಅಂದರೆ ಗುಂಪಿನಲ್ಲಿ ಪುಸ್ತಕ ಪೂರ್ತಿ ಓದಿದವನು ನಾನೊಬ್ಬನೇ.

ಆಡುವವರು ನಾಲ್ಕು ಜನ. ಒಬ್ಬನಿಗೆ ಕಾಳಗ ಬೇಕು, ಅಂಕಿ ಸಂಖ್ಯೆ ಬೇಕು. ಒಬ್ಬಳಿಗೆ ಪಾತ್ರದೊಳಗೆ ಇಳಿದು ಮಾತಾಡಬೇಕು. ಇನ್ನೊಬ್ಬನಿಗೆ ಗುಟ್ಟು ಬಿಡಿಸಬೇಕು. ನಾಲ್ಕನೆಯವಳು ಸುಮ್ನೆ ನಮ್ಮ ಜೊತೆ ಕೂತು ನಗೋಕೆ ಬರುತ್ತಾಳೆ, ಅದೂ ಒಂದು ಬಗೆಯ ಆಟವೇ. ಸುತ್ತಾಟ, ಮಾತುಕತೆ, ಕಾಳಗ, ಈ ಮೂರೂ ಆಟದ ಕಂಬಗಳು ಅನ್ನುತ್ತದೆ ಪುಸ್ತಕ. ಸರಿ, ಆದರೆ ಒಂದು ಕಂಬ ಕಲ್ಲಿನದು, ಉಳಿದೆರಡು ಬಿದಿರಿನವು.

ಒಂದು ಸಂಜೆಯ ಕಥೆ ಹೇಳುತ್ತೇನೆ. ಮಾತುಗಾತಿ ಗೆಳತಿ ಕೋಟೆ ಕಾವಲುಗಾರನ ಜೊತೆ ಇಪ್ಪತ್ತು ನಿಮಿಷ ಮಾತಾಡಿದಳು. ಅವನ ಬಾಕಿ ಸಂಬಳದ ವಿಷಯ ತೆಗೆದಳು, ಕಾಲುನೋವು ವಿಚಾರಿಸಿದಳು, ನಿನ್ನ ದೊರೆ ನಿನ್ನ ಹೆಸರನ್ನಾದರೂ ಬಲ್ಲನೇ ಅಂತ ಕೇಳಿದಳು. ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಕೊನೆಗೆ ನಾನು, ನಿಯಮ ಇದೆಯಲ್ಲ, ರೋಲ್ ಮಾಡು, ಡೈಸ್ ಹಾಕು ಅಂದೆ. 20 ಮುಖದ ಡೈಸಿನಲ್ಲಿ 6 ಬಿತ್ತು, ಅವಳ ಬೋನಸ್ 5 ಸೇರಿ 11. ಗೆಲ್ಲೋಕೆ ನಾನು ಇಟ್ಟಿದ್ದ ಗುರಿ 13. ಸೋಲು. ಮುಖ ನೋಡಿ ಪಾಪ ಅನಿಸಿ ಬಾಗಿಲು ತೆರೆಸಿದೆ. "ಹಾಗಾದ್ರೆ ರೋಲ್ ಯಾಕೆ ಮಾಡಿಸಿದೆ?" ಅಂದಳು. ಉತ್ತರ ಇರಲಿಲ್ಲ.

ಅದೇ ಸಂಜೆ ಆರು ಗಾಬ್ಲಿನ್‌ಗಳ (ಪುಟ್ಟ ರಾಕ್ಷಸರು) ಜೊತೆ ಕಾಳಗ ಒಂದೂವರೆ ಗಂಟೆ ನಡೆಯಿತು. ಒಂದು ಗಾಬ್ಲಿನ್‌ಗೆ ಇರುವುದು ಬರೀ 7 ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯಬಲ್ಲದು ಅನ್ನುವ ಲೆಕ್ಕ), ಆದರೂ ಯಾರಿಗೂ ಬೇಜಾರಾಗಲಿಲ್ಲ. ಯಾಕೆಂದರೆ ಪ್ರತಿ ಸರದಿಯಲ್ಲೂ ಏನಾದರೂ ಆರಿಸಿಕೊಳ್ಳುವುದು ಇತ್ತು. ಎಲ್ಲಿ ನಿಲ್ಲಬೇಕು, ಯಾರಿಗೆ ಹೊಡೆಯಬೇಕು, ಮಂತ್ರ ಈಗಲೇ ಖರ್ಚು ಮಾಡಬೇಕಾ. ಮಾತುಕತೆಗೆ ಸಿಕ್ಕಿದ್ದು ಒಂದೇ ಒಂದು ರೋಲ್, ಹೌದು ಅಥವಾ ಇಲ್ಲ. ನಿಯಮ ನಿಮ್ಮನ್ನು ಮಾತಾಡಬೇಡಿ ಅನ್ನುವುದಿಲ್ಲ ನಿಜ, ಆದರೆ ಮಾತಾಡುವವರಿಗೆ ಕೈಗೆ ಒಂದು ಸಾಮಾನನ್ನೂ ಕೊಡುವುದಿಲ್ಲ.

2010ರ ಅಪೋಕಲಿಪ್ಸ್ ವರ್ಲ್ಡ್ ಅನ್ನುವ ಇಂಥದ್ದೇ ಇನ್ನೊಂದು ಆಟ ಆಡಿದ ಮೇಲೆ ಇದು ಸರಿಯಾಗಿ ಕಂಡಿತು. ಅಲ್ಲಿ ಎರಡು ಆರು ಮುಖದ ಡೈಸ್. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪೂರ್ತಿ ಗೆಲುವು, 7ರಿಂದ 9 ಬಂದರೆ ಕೆಲಸ ಆಗುತ್ತದೆ ಆದರೆ ಏನೋ ತೆರಬೇಕು. ಕಾವಲುಗಾರ ಬಾಗಿಲು ತೆಗೆಯುತ್ತಾನೆ, ನಿಮ್ಮ ಕತ್ತಿ ಇಲ್ಲೇ ಬಿಟ್ಟು ಹೋಗಿ ಅನ್ನುತ್ತಾನೆ. ಕಥೆ ಅಲ್ಲಿಂದಲೇ ಹುಟ್ಟುತ್ತದೆ. ತಮಾಷೆ ಏನಂದರೆ ಡಿ ಅಂಡ್ ಡಿಯ ಡಿಎಂ ಪುಸ್ತಕದಲ್ಲೂ ಇಂಥದ್ದೇ ಒಂದು ಐಚ್ಛಿಕ ನಿಯಮ ಇದೆ, ಒಂದೆರಡು ಅಂಕದಲ್ಲಿ ತಪ್ಪಿದರೆ ಬೆಲೆ ತೆತ್ತು ಗೆಲ್ಲಬಹುದು ಅಂತ. ಅದು ನನ್ನ ಕಣ್ಣಿಗೆ ಬಿದ್ದಿದ್ದು ಮೂರನೇ ವರ್ಷದಲ್ಲಿ. ಆ 11 ನೆನಪಾಗಿ ಹೊಟ್ಟೆ ಉರಿಯಿತು.

ಗುಟ್ಟು ಬಿಡಿಸುವವನ ಕಥೆಯೂ ಹೀಗೇ. ಸುಳಿವು ಹುಡುಕುವ ರೋಲ್ ಸೋತರೆ ಇಡೀ ಕಥೆ ನಿಂತುಬಿಡುತ್ತದೆ. ಗಮ್‌ಶೂ ಅನ್ನುವ ಪತ್ತೇದಾರಿ ಆಟದ ಪದ್ಧತಿಯಲ್ಲಿ ಮುಖ್ಯ ಸುಳಿವಿಗೆ ಡೈಸೇ ಇಲ್ಲ, ಸರಿಯಾದ ಪರಿಣತಿ ಇದ್ದು ಸರಿಯಾದ ಕಡೆ ನೋಡಿದರೆ ಸಿಕ್ಕೇ ಸಿಗುತ್ತದೆ. ಅದನ್ನು ಹಾಗೇ ಎತ್ತಿಕೊಂಡು ನಮ್ಮ ಆಟಕ್ಕೆ ಹಾಕಿದೆ, ಏನೂ ಮುರಿಯಲಿಲ್ಲ.

ಜಾಸ್ತಿ ಕಾಟ ಕೊಟ್ಟಿದ್ದು ವಿಶ್ರಾಂತಿಯ ನಿಯಮ. ಪಾತ್ರ ಖರ್ಚು ಮಾಡಿದ ಬಲ ವಾಪಸ್ ಬರುವುದು ವಿಶ್ರಾಂತಿಯಲ್ಲಿ. ಕಥೆಯ ಒಂದು ದಿನಕ್ಕೆ ಆರರಿಂದ ಎಂಟು ಕಾಳಗ ಅನ್ನುವ ಅಂದಾಜಿನ ಮೇಲೆ ಪುಸ್ತಕದ ಲೆಕ್ಕ ನಿಂತಿದೆ. ನಮ್ಮದು ಮಾತು ಜಾಸ್ತಿ ಇರುವ ಗುಂಪು, ದಿನಕ್ಕೆ ಒಂದು ಕಾಳಗ ಆದರೆ ದೊಡ್ಡದು. ಆಗ ಮೂರನೇ ಲೆವೆಲ್‌ನ (ಪಾತ್ರ ಬೆಳೆಯುವ ಮೆಟ್ಟಿಲು) ವಿಝರ್ಡ್, ಅಂದರೆ ಮಂತ್ರಗಾರ, ತನ್ನ ಆರೂ ಸ್ಲಾಟ್ (ಮಂತ್ರ ಹಾಕುವ ಅವಕಾಶ) ಒಂದೇ ಕಾಳಗದಲ್ಲಿ ಸುರಿದು, ರಾತ್ರಿ ಮಲಗಿ, ಬೆಳಗ್ಗೆ ಫ್ರೆಶ್. ಕತ್ತಿ ಹಿಡಿಯುವ ಫೈಟರ್ ಪಾಪ ನೋಡುತ್ತಾ ನಿಂತಿರುತ್ತಾನೆ, ಅವನ ಬಲ ಇರುವುದು ದಿನವಿಡೀ ಹೊಡೆಯುತ್ತಲೇ ಇರುವುದರಲ್ಲಿ. ಪುಸ್ತಕದಲ್ಲೇ ಇರುವ ಇನ್ನೊಂದು ಐಚ್ಛಿಕ ನಿಯಮ ಇದನ್ನು ಸರಿಮಾಡಿತು: ಚಿಕ್ಕ ವಿಶ್ರಾಂತಿಗೆ 8 ಗಂಟೆ, ದೊಡ್ಡದಕ್ಕೆ 7 ದಿನ. ಒಂದೇ ಸಾಲಿನ ಬದಲಾವಣೆ. ವಿಝರ್ಡ್ ಆಡುವವನು ಎರಡು ವಾರ ಮುಖ ಊದಿಸಿಕೊಂಡಿದ್ದ, ಆಮೇಲೆ ಲೆಕ್ಕ ಹಾಕಿ ಮಂತ್ರ ಬಳಸೋಕೆ ಶುರು ಮಾಡಿದ.

ಇನ್ನು ಬಹುಮಾನ. 1974ರ ಮೊದಲ ಆಟದಲ್ಲಿ ಹೊತ್ತು ತಂದ ಚಿನ್ನಕ್ಕೂ ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಸಿಗುತ್ತಿತ್ತು, ಹಾಗಾಗಿ ರಾಕ್ಷಸನನ್ನು ಕಂಡರೆ ಓಡುವುದು, ಮೋಸ ಮಾಡಿ ಕದಿಯುವುದು ಜಾಣತನ. ಐದನೇ ಎಡಿಷನ್‌ನಲ್ಲಿ ಎಕ್ಸ್‌ಪಿ ಮುಖ್ಯವಾಗಿ ಶತ್ರುಗಳನ್ನು ಸೋಲಿಸಿದ್ದಕ್ಕೆ. ಹಾಗಿದ್ದ ಮೇಲೆ ಆಟಗಾರರು ಎಲ್ಲದಕ್ಕೂ ಕತ್ತಿ ಎತ್ತುತ್ತಾರೆ ಅಂತ ಬೈದರೆ ಹೇಗೆ? ನಾನು ಎಕ್ಸ್‌ಪಿ ಬಿಟ್ಟು, ಕಥೆಯ ಒಂದು ಘಟ್ಟ ಮುಗಿದಾಗ ಲೆವೆಲ್ ಕೊಡುತ್ತೇನೆ. ಇದಕ್ಕೂ ಪುಸ್ತಕದ ಒಪ್ಪಿಗೆ ಇದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಾಳಗ ಇಷ್ಟಪಡುವ ಗುಂಪಾದರೆ ಕಣ್ಣುಮುಚ್ಚಿ ಶುರು ಮಾಡಿ. ಬರೀ ಮಾತುಕತೆ, ಪತ್ತೇದಾರಿ ನಿಮ್ಮ ರುಚಿಯಾದರೆ ಬೇರೆ ಆಟ ನೋಡಿ, ಇದನ್ನು ತಿದ್ದುತ್ತಾ ಕೂತರೆ ನನ್ನ ಹಾಗೆ ಆರು ವರ್ಷ ಹೋಗುತ್ತದೆ.

ಮುಂದಿನ ತಿಂಗಳು ಕಳ್ಳರ ಕಥೆ, ಬ್ಲೇಡ್ಸ್ ಇನ್ ದ ಡಾರ್ಕ್ ಅನ್ನುವ ಬೇರೆ ಆಟದಲ್ಲಿ. ಅಲ್ಲಿ ಕಳ್ಳತನದ ಮಧ್ಯೆಯೇ ಸ್ವಲ್ಪ ಸ್ಟ್ರೆಸ್ (ಪಾತ್ರದ ಮೇಲೆ ಏರುವ ಒತ್ತಡದ ಅಂಕ) ತೆತ್ತು, ಈ ಕಾವಲುಗಾರನಿಗೆ ನಿನ್ನೆಯೇ ಲಂಚ ಕೊಟ್ಟಿದ್ದೆ ಅನ್ನಬಹುದು. ಮಾತುಗಾತಿ ಈಗಲೇ ಕುಣಿಯುತ್ತಿದ್ದಾಳೆ. ಕಾಳಗದವನು ನನಗೆಷ್ಟು ಹಿಟ್ ಪಾಯಿಂಟ್ ಅಂತ ಕೇಳಿದ್ದಾನೆ. ಅದರಲ್ಲಿ ಹಿಟ್ ಪಾಯಿಂಟೇ ಇಲ್ಲ ಅಂತ ಇನ್ನೂ ಹೇಳಿಲ್ಲ.