ಸ್ಟೇಜ್ ಲೈಟನ್ನು ಮನೆಯ ಆಟೋಮೇಷನ್‌ಗೆ ಜೋಡಿಸಲು ಡಾಂಗಲ್, ಇಎಸ್‌ಪಿ32, ನೋಡ್: ನನ್ನ ಓಟು ನೋಡ್‌ಗೆ

ಮೊದಲೇ ಹೇಳಿಬಿಡುತ್ತೇನೆ, ಮೂರರಲ್ಲಿ ನನಗೆ ಹಿಡಿಸಿದ್ದು ನೋಡ್, ಅಂದರೆ ಲ್ಯಾನ್ ಕೇಬಲ್‌ಗೆ ಸಿಕ್ಕಿಸಿದರೆ ಅಲ್ಲಿ ಬಂದ ಆಜ್ಞೆಯನ್ನು ಸ್ಟೇಜ್ ಲೈಟಿನ ಭಾಷೆಗೆ ತಿರುಗಿಸುವ ಪೆಟ್ಟಿಗೆ. ದುಬಾರಿಯೂ ಅದೇ. ಯುಎಸ್‌ಬಿ ಡಾಂಗಲ್ ಈಗ ಡ್ರಾಯರ್ ಸೇರಿದೆ. ಇಎಸ್‌ಪಿ32 ಎಂಬ ಪುಟ್ಟ ವೈಫೈ ಬೋರ್ಡು ಅಂಗಳದ ಲೈಟಿಗೆ ಹೋಗಿದೆ.

ನಮ್ಮದು ಕಲಬುರಗಿಯ ಹಳೇ ಕಲ್ಲಿನ ಮನೆ. ಮೇಲಿನ ಹಾಲಿನಲ್ಲಿ ಸಂಜೆ ಮನೆಮಂದಿ ಕೂತು ಟಿವಿ ನೋಡುತ್ತೇವೆ. ಭಾನುವಾರ ಬಂತೆಂದರೆ ಅಲ್ಲೇ ನಮ್ಮ ಹವ್ಯಾಸಿ ನಾಟಕ ತಂಡದ ತಾಲೀಮು. ಎಸ್.ಎಂ. ಪಂಡಿತ ರಂಗಮಂದಿರ ಸಿಗುವುದು ಪ್ರಯೋಗದ ದಿನ ಮಾತ್ರ, ಹಾಗಾಗಿ ಬೆಳಕಿನ ಲೆಕ್ಕವನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೋಗಬೇಕು. ಅದಕ್ಕೇ ಶಾಮಿಯಾನ ಬಾಡಿಗೆಯವರ ಹತ್ತಿರ ಆರು ಸೆಕೆಂಡ್ ಹ್ಯಾಂಡ್ ಎಲ್‌ಇಡಿ ಪಾರ್ (ಡಬ್ಬಿಯಾಕಾರದ ಸ್ಟೇಜ್ ಲೈಟ್) ತಗೊಂಡು ತೊಲೆಗೆ ಕಟ್ಟಿದ್ದೇವೆ. ಇವಕ್ಕೆ ತಿಳಿಯುವುದು ಡಿಎಂಎಕ್ಸ್512 ಮಾತ್ರ. 1986ರಲ್ಲಿ ರಂಗಭೂಮಿಗೆಂದೇ ಬಂದ ಬೆಳಕು ನಿಯಂತ್ರಣದ ಪದ್ಧತಿ, ಒಂದು ಕೇಬಲ್‌ನಲ್ಲಿ 512 ಚಾನೆಲ್, ಒಂದೊಂದರಲ್ಲೂ ಎಷ್ಟು ಬೆಳಕು ಬೇಕೆಂದು ಹೇಳುವ ಒಂದು ಸಂಖ್ಯೆ. ಮನೆಯ ಉಳಿದ ದೀಪ, ಫ್ಯಾನು, ಗೀಸರ್ ಎಲ್ಲಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಓಡುವ ಹೋಮ್ ಅಸಿಸ್ಟೆಂಟ್ ತಂತ್ರಾಂಶದ ಕೈಯಲ್ಲಿವೆ. ಈ ಇಬ್ಬರಿಗೂ ನೇರ ಮಾತುಕತೆ ಇಲ್ಲ, ನಡುವೆ ಒಬ್ಬ ದಲ್ಲಾಳಿ ಬೇಕು. ಅವನು ಯಾರಾಗಬೇಕು ಅನ್ನುವುದೇ ಪ್ರಶ್ನೆ.

ಡಾಂಗಲ್ ನೋಡಲು ಸುಲಭ. ಆದರೆ ಅಗ್ಗದ ಡಾಂಗಲ್‌ನಲ್ಲಿ ಯುಎಸ್‌ಬಿಯನ್ನು ಸೀರಿಯಲ್ ಸಿಗ್ನಲ್‌ಗೆ ಬದಲಿಸುವ ಎಫ್‌ಟಿಡಿಐ ಚಿಪ್ ಬಿಟ್ಟರೆ ಸ್ವಂತ ಪ್ರೊಸೆಸರ್ ಇರುವುದಿಲ್ಲ. ಪ್ರತಿ ಫ್ರೇಮ್‌ಗೂ (ಎಲ್ಲಾ ಚಾನೆಲ್‌ಗಳ ಸಂಖ್ಯೆ ಕಳಿಸುವ ಒಂದು ಸುತ್ತು) ಸಮಯ ಹಿಡಿಯುವ ಕೆಲಸ ಕಂಪ್ಯೂಟರಿನದೇ. ಡಿಎಂಎಕ್ಸ್ ಓಡುವುದು ಸೆಕೆಂಡಿಗೆ 2,50,000 ಬಿಟ್ ವೇಗದಲ್ಲಿ. 512 ಚಾನೆಲ್ ತುಂಬಾ ಕಳಿಸಿದರೆ ಸೆಕೆಂಡಿಗೆ ಸುಮಾರು 44 ಫ್ರೇಮ್. ಗೇಟಿನ ಕ್ಯಾಮೆರಾ ರೆಕಾರ್ಡ್ ಶುರುವಾಗಿ ಪೈ ಸುಸ್ತಾದರೆ ಸಾಕು, ಪಾರ್‌ಗಳು ಕಣ್ಣು ಮಿಟುಕಿಸುತ್ತವೆ. ಸ್ವಂತ ಪ್ರೊಸೆಸರ್ ಇರುವ ಡಾಂಗಲ್‌ಗಳೂ ಇವೆ. ಆ ಬೆಲೆಗೆ ಇನ್ನೊಂದಿಷ್ಟು ಸೇರಿಸಿದರೆ ನೋಡೇ ಬರುತ್ತದೆ.

ಕರೆಂಟ್ ಹೋಗಿ ಬಂದಾಗ ಸ್ಮಾರ್ಟ್ ಸಾಧನಗಳ ಜೊತೆ ವೈರಿಲ್ಲದೆ ಮಾತಾಡುವ ಜಿಗ್‌ಬೀ ಸ್ಟಿಕ್ಕೂ ಡಾಂಗಲ್ಲೂ ಪೈ ತಮಗೆ ಕೊಟ್ಟ ಟಿಟಿವೈಯುಎಸ್‌ಬಿ ನಂಬರ್ ಅದಲುಬದಲು ಮಾಡಿಕೊಳ್ಳುವುದು ಬೇರೆ. ಡಾಂಗಲ್ಲೇ ಬೇಕು ಅನ್ನುವವರು ನಂಬರ್ ಬಿಟ್ಟು ಸಾಧನದ ಬದಲಾಗದ ಗುರುತಾದ ಬೈ-ಐಡಿ ಹಾದಿಯನ್ನು ಕೊಡಿ.

ಇಎಸ್‌ಪಿ32 ಮೇಲೆ ನನಗೆ ಪ್ರೀತಿ ಇದೆ. ಬೋರ್ಡು, ಡಿಎಂಎಕ್ಸ್ ಸಿಗ್ನಲ್ ಹೊರಡಿಸುವ ಮ್ಯಾಕ್ಸ್485 ಮಾಡ್ಯೂಲ್, ಲೈಟಿನ ಕೇಬಲ್ ಸಿಕ್ಕಿಸುವ ಎಕ್ಸ್‌ಎಲ್‌ಆರ್ ಸಾಕೆಟ್, ಎಲ್ಲಾ ಸೇರಿ ಸಾವಿರದೊಳಗೆ ಮುಗಿಯಿತು. ಬೋರ್ಡಿಗೆ ಹಾಕುವ ಡಬ್ಲ್ಯುಎಲ್‌ಇಡಿ ತಂತ್ರಾಂಶವನ್ನು ಡಿಎಂಎಕ್ಸ್ ಔಟ್‌ಪುಟ್ ಸೇರಿಸಿ ನಾವೇ ಕಂಪೈಲ್ ಮಾಡಬೇಕು, ಅಷ್ಟೇ ತಲೆನೋವು. ಆಮೇಲೆ ಹೋಮ್ ಅಸಿಸ್ಟೆಂಟ್ ತಾನೇ ಹುಡುಕಿಕೊಳ್ಳುತ್ತದೆ. 'ನಿಧಾನಕ್ಕೆ ಮಂದ ಮಾಡು' ಎಂದು ಒಂದು ಆಜ್ಞೆ ಹೋದರೆ ಸಾಕು, ಉಳಿದದ್ದನ್ನು ಬೋರ್ಡೇ ಮಾಡುತ್ತದೆ. ಟಿವಿ ಹಚ್ಚಿದಾಗ ಹಾಲಿನ ಬೆಳಕು ಮಂದವಾಗುವುದಕ್ಕೆ ಇದಕ್ಕಿಂತ ಜಾಸ್ತಿ ಏನೂ ಬೇಡ.

ತೊಡಕು ತಾಲೀಮಿನದು. ಅಣ್ಣನ ಮಗ ಲ್ಯಾಪ್‌ಟಾಪಿನ ಕ್ಯೂಎಲ್‌ಸಿ ಪ್ಲಸ್ ಎಂಬ ಲೈಟಿಂಗ್ ತಂತ್ರಾಂಶದಿಂದ ಲೈಟ್ ನಡೆಸುತ್ತಾನೆ. ಅದು ಒಂದು ಆಜ್ಞೆ ಕೊಟ್ಟು ಸುಮ್ಮನಾಗುವುದಿಲ್ಲ, ಒಂದೇ ಸಮ ಫ್ರೇಮ್ ಕಳಿಸುತ್ತಲೇ ಇರುತ್ತದೆ. ನಮ್ಮ ಗೋಡೆಗಳು ಶಹಾಬಾದ್ ಕಲ್ಲಿನವು, ಮೊಣಕೈ ಉದ್ದ ದಪ್ಪ. ವೈಫೈ ಅಲ್ಲಿ ಏದುಸಿರು ಬಿಡುತ್ತದೆ. ಸೂರ್ಯ ಮುಳುಗುವ ದೃಶ್ಯ ಮೆಟ್ಟಿಲು ಇಳಿದಂತೆ ತಟತಟ ಇಳಿಯಿತು.

ನೋಡ್‌ಗೆ ರೂಟರ್‌ನಿಂದ ನೇರ ಕೇಬಲ್ ಎಳೆದೆ. ಹೋಮ್ ಅಸಿಸ್ಟೆಂಟ್‌ಗೆ ಹ್ಯಾಕ್ಸ್ (ಹೊರಗಿನವರು ಬರೆದ ಜೋಡಣೆಗಳ ಭಂಡಾರ) ಮೂಲಕ ಆರ್ಟ್-ನೆಟ್‌ನ, ಅಂದರೆ ಡಿಎಂಎಕ್ಸನ್ನು ನೆಟ್‌ವರ್ಕ್ ಮೇಲೆ ಕಳಿಸುವ ಪದ್ಧತಿಯ, ಕಸ್ಟಮ್ ಇಂಟಿಗ್ರೇಷನ್ ಹಾಕಿದೆ. ಫೇಡ್ ಬೆಣ್ಣೆ. ಆದರೆ ಮೊದಲ ಭಾನುವಾರವೇ ಹುಡುಗ ಕೂಗಿದ: "ಕಾಕಾ, ಬ್ಲ್ಯಾಕೌಟ್ ಕೊಟ್ಟೀನಿ, ಲೈಟ್ ಆರವಲ್ದು!"

ಪಾತ್ರಧಾರಿ ಸತ್ತು ಬಿದ್ದಿದ್ದಾನೆ, ಮೇಲೆ ಹಳದಿ ಬೆಳಕು ಹಾಯಾಗಿ ಉರಿಯುತ್ತಿದೆ. ಲ್ಯಾಪ್‌ಟಾಪ್ ಸೊನ್ನೆ ಕಳಿಸುತ್ತಿತ್ತು, ಅದು ನಿಜ. ಆದರೆ ಮನೆಯ ಸಂಜೆ ಸೀನ್ ಅದೇ ಚಾನೆಲ್‌ಗೆ 180 ಕಳಿಸುತ್ತಿತ್ತು. ಹೋಮ್ ಅಸಿಸ್ಟೆಂಟ್ ಕಡೆಯಿಂದ ಏನೂ ಬದಲಾಗದಿದ್ದರೂ ಆಗಾಗ ಡೇಟಾ ಹೋಗುತ್ತಲೇ ಇರುತ್ತದೆ. ಒಂದೇ ಯೂನಿವರ್ಸ್‌ಗೆ (512 ಚಾನೆಲ್‌ಗಳ ಗುಂಪಿಗೆ) ಎರಡು ಕಡೆಯಿಂದ ಆರ್ಟ್-ನೆಟ್ ಬಂದರೆ ನೋಡ್ ಎರಡನ್ನೂ ಬೆರೆಸುತ್ತದೆ. ಎಚ್‌ಟಿಪಿ ಪದ್ಧತಿಯಲ್ಲಿ ಯಾರದು ದೊಡ್ಡ ಸಂಖ್ಯೆಯೋ ಅವರದೇ ಗೆಲುವು. ಸೊನ್ನೆ ಯಾವತ್ತೂ ಗೆಲ್ಲುವುದಿಲ್ಲ! ಎಲ್‌ಟಿಪಿ ಇಟ್ಟರೆ ಕೊನೆಗೆ ಬಂದವರ ಮಾತು ನಡೆಯುತ್ತದೆ. ಆಗ ತಾಲೀಮಿನ ನಡುವೆ ಯಾರೋ ಗೋಡೆಯ ಸ್ವಿಚ್ ಒತ್ತಿದರೆ ದೃಶ್ಯವೇ ಹಾರಿಹೋಗುತ್ತದೆ. ನಮ್ಮ ಮನೆಯಲ್ಲಿ ಆ ಸ್ವಿಚ್ ಒತ್ತದೆ ಯಾರೂ ಹಾಲಿಗೆ ಕಾಲಿಡುವುದಿಲ್ಲ.

ದಾರಿ ಸಿಕ್ಕಿದ್ದು ಎಸ್‌ಎಸಿಎನ್‌ನಲ್ಲಿ, ಅಂದರೆ ಡಿಎಂಎಕ್ಸನ್ನು ನೆಟ್‌ವರ್ಕ್ ಮೇಲೆ ಕಳಿಸುವ ಇ1.31 ಎಂಬ ಇನ್ನೊಂದು ಪದ್ಧತಿಯಲ್ಲಿ. ಇದರಲ್ಲಿ ಡೇಟಾ ಕಳಿಸುವ ಪ್ರತಿಯೊಬ್ಬರಿಗೂ 0ಯಿಂದ 200ರವರೆಗೆ ಆದ್ಯತೆಯ ಸಂಖ್ಯೆ ಇರುತ್ತದೆ, ಏನೂ ಹೇಳದಿದ್ದರೆ 100. ಮನೆಯದನ್ನು 100ರಲ್ಲೇ ಬಿಟ್ಟು ಲ್ಯಾಪ್‌ಟಾಪಿಗೆ 150 ಕೊಟ್ಟೆವು. ಈಗ ಲ್ಯಾಪ್‌ಟಾಪ್ ಮಾತಾಡುವಾಗ ಮನೆಯ ಮಾತು ನೋಡ್ ಕಿವಿಗೆ ಬೀಳುವುದೇ ಇಲ್ಲ. ಸೊನ್ನೆ ಎಂದರೆ ಸೊನ್ನೆ. ಲ್ಯಾಪ್‌ಟಾಪ್ ಮುಚ್ಚಿದರೆ ಎರಡೂವರೆ ಸೆಕೆಂಡ್ ಕಾದು ಹಾಲು ತಾನಾಗಿಯೇ ಮನೆಯ ಬೆಳಕಿಗೆ ಮರಳುತ್ತದೆ. ನಾನು ದುಡ್ಡು ಕೊಟ್ಟಿದ್ದು ಇದಕ್ಕೇ ಅನ್ನಿ. ಆದರೆ ಎಲ್ಲಾ ನೋಡ್‌ಗಳೂ ಈ ಆದ್ಯತೆ ಪಾಲಿಸುವುದಿಲ್ಲ. ಅಂಗಡಿಯವರ ಬಾಯಿಮಾತು ನಂಬಬೇಡಿ, ಮ್ಯಾನುಯಲ್ ತೆರೆದು ನೋಡಿಯೇ ತಗೊಳ್ಳಿ.

ಕೇಬಲ್ ಬಗ್ಗೆ ಒಂದೇ ಮಾತು: ಕೊನೆಯ ಪಾರ್‌ಗೆ 120 ಓಮ್ ಟರ್ಮಿನೇಟರ್ (ಸಿಗ್ನಲ್ ಹಿಂದಕ್ಕೆ ಪುಟಿಯದಂತೆ ತಡೆಯುವ ರೆಸಿಸ್ಟರ್) ಹಾಕಿ, ಹತ್ತು ರೂಪಾಯಿ ಕೆಲಸ.

ನೋಡ್‌ಗೆ ನನಗೆ ಎಂಟು ಸಾವಿರದ ಮೇಲೆ ಬಿತ್ತು. ನಾಟಕ ಇಲ್ಲದ ಮನೆಗೆ ಇಷ್ಟು ಯಾಕೆ ಸುರಿಯಬೇಕು? ನೀವು ಸುಮ್ನೆ ಬಣ್ಣದ ಬೆಳಕಿಗೆ ಆಸೆಪಟ್ಟವರಾದರೆ, ಗೋಡೆ ಇಟ್ಟಿಗೆಯದಾದರೆ, ಇಎಸ್‌ಪಿ32 ಧಾರಾಳ ಸಾಕು. ಡಾಂಗಲ್ ಮಾತ್ರ ಯಾರಿಗೂ ಹೇಳಲಾರೆ. ಮತ್ತೆ, ಮೂರರಲ್ಲಿ ಯಾವುದೇ ತಗೊಂಡರೂ ಪಾರ್‌ಗಳ ಲೈನಿಗೆ ಒಂದು ಸ್ಮಾರ್ಟ್ ಪ್ಲಗ್ ಇರಲಿ. ಚಾನೆಲ್ ಸೊನ್ನೆಗೆ ತಂದರೂ ನಮ್ಮ ಪಾರ್‌ಗಳ ಒಳಗಿನ ಫ್ಯಾನ್ ನಿಲ್ಲುವುದಿಲ್ಲ. ಮೇ ತಿಂಗಳ ಸೆಕೆಗೆ ಹಾಲಿನಲ್ಲೇ ಹಾಸಿಗೆ ಹಾಸುವ ನಮ್ಮಂಥವರಿಗೆ ಆ ಗುಂಯ್ ಸದ್ದು ತಡೆಯಲಾಗದು.