ಓಆರ್‌ಐಎಫ್ ಅಂತ ಕಂಡ ಕೂಡಲೇ ಕೋಡ್ ಹಾಕಬೇಡಿ

ಆರ್ಥೋ ಕೋಡಿಂಗ್‌ಗೆ, ಅಂದರೆ ಮೂಳೆ ಚಿಕಿತ್ಸೆಯ ದಾಖಲೆ ಓದಿ ಬಿಲ್ಲಿಂಗ್ ಕೋಡ್ ಹಾಕುವ ಕೆಲಸಕ್ಕೆ, ಹೊಸದಾಗಿ ಬಂದಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ತರಬೇತಿಯಲ್ಲಿ ಕೈಗಿಟ್ಟ ಒಂದು ಪುಟದ ಹಾಳೆಯನ್ನು ನಂಬಿ ನಾನು 6 ವಾರ ತಪ್ಪು ಕೋಡ್ ಹಾಕಿದೆ. ಆಡಿಟ್ ಆಗುವವರೆಗೆ ನನಗೆ ಗೊತ್ತೇ ಆಗಲಿಲ್ಲ.

ನಾನು ಕೋಡ್ ಮಾಡುವುದು ಅಮೆರಿಕದ ಚಾರ್ಟ್‌ಗಳನ್ನು. ಆರ್ಥೋ ಟೀಮಿಗೆ ಹಾಕಿದ ಮೊದಲ ದಿನವೇ ಆ ಹಾಳೆ ಸಿಕ್ಕಿತು. ಎಡಗಡೆ ಆಪರೇಷನ್ ಹೆಸರು, ಬಲಗಡೆ ಕೋಡ್. ಓಆರ್‌ಐಎಫ್ (ಕೊಯ್ದು ತೆರೆದು ಮುರಿದ ಮೂಳೆ ಕೂರಿಸಿ, ಪ್ಲೇಟ್, ಸ್ಕ್ರೂ ಮುಂತಾದವುಗಳಿಂದ ಒಳಗೇ ಬಿಗಿಯುವ ಆಪರೇಷನ್) ಎಂಬ ಸಾಲಿನ ಮುಂದೆ ‘ಓಪನ್, ಏಳನೇ ಅಕ್ಷರ ಬಿ’ ಎಂದಿತ್ತು. ಮುರಿತದ ಕೋಡ್‌ನ ಕೊನೆಯಲ್ಲಿ ಬರುವ ಆ ‘ಬಿ’ ಓಪನ್ ಫ್ರ್ಯಾಕ್ಚರ್ ಎಂದು ಹೇಳುತ್ತದೆ. ದಿನದ ಟಾರ್ಗೆಟ್ ತಲೆ ಮೇಲೆ ಕೂತಿತ್ತು. ಹಾಳೆಯನ್ನು ಮಾನಿಟರ್ ಪಕ್ಕ ಅಂಟಿಸಿಕೊಂಡು ಕೆಲಸ ಶುರು ಮಾಡಿದೆ.

ಆಡಿಟರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆದ ಚಾರ್ಟ್ ಈಗಲೂ ಕಣ್ಣ ಮುಂದಿದೆ. ಏಣಿಯಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡವರ ಆಪರೇಷನ್ ನೋಟ್. ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘ಓಆರ್‌ಐಎಫ್, ಬಲ ಡಿಸ್ಟಲ್ ರೇಡಿಯಸ್’ ಎಂದಿತ್ತು. ನಾನು ಹಾಕಿದ್ದು 25607, ಅಂದರೆ ಕೊಯ್ದು ತೆರೆದು ಮಾಡುವ ಆಪರೇಷನ್‌ನ ಕೋಡ್, ಜೊತೆಗೆ ಮುರಿತಕ್ಕೆ ಎಸ್52.551ಬಿ. ‘ಈಗ ಕೆಳಗಿನದನ್ನು ಜೋರಾಗಿ ಓದಿ’ ಎಂದರು.

ಓದಿದೆ. ಚರ್ಮಕ್ಕೆ ಗಾಯವಿಲ್ಲ. ಕೈ ಎಳೆದು ಹೊರಗಿನಿಂದಲೇ ಮೂಳೆ ಕೂರಿಸಿದ್ದಾರೆ. ಸಿ-ಆರ್ಮ್ ಎಕ್ಸ್‌ರೇಯಲ್ಲಿ ನೋಡಿಕೊಂಡು 1.6 ಮಿಲಿಮೀಟರ್‌ನ ಎರಡು ಕೆ-ವೈರ್‌ಗಳನ್ನು (ಲೋಹದ ತೆಳು ಪಿನ್) ಚರ್ಮದ ಮೂಲಕ ಒಳಗೆ ತೂರಿಸಿದ್ದಾರೆ. ವೈರ್ ತುದಿ ಬಗ್ಗಿಸಿ ಹೊರಗೇ ಬಿಟ್ಟು ಸ್ಪ್ಲಿಂಟ್ ಹಾಕಿದ್ದಾರೆ. ಮುರಿದ ಜಾಗವನ್ನು ಕೊಯ್ದು ತೆರೆದ ಮಾತು ಇಡೀ ನೋಟ್‌ನಲ್ಲಿ ಎಲ್ಲೂ ಇಲ್ಲ. ಅರ್ಧ ಓದುವಷ್ಟರಲ್ಲೇ ನನ್ನ ದನಿ ಸಣ್ಣದಾಗಿತ್ತು.

ಒಂದೇ ಚಾರ್ಟ್‌ನಲ್ಲಿ ಎರಡು ತಪ್ಪು. ಎರಡಕ್ಕೂ ಬೇರು ‘ಓಪನ್’ ಎಂಬ ಒಂದೇ ಪದ.

ಓಪನ್ ಫ್ರ್ಯಾಕ್ಚರ್ ಎಂದರೆ ಮುರಿತದ ಜಾಗದಲ್ಲಿ ಚರ್ಮ ಹರಿದು, ಮುರಿದ ಮೂಳೆಗೂ ಹೊರಗಿನ ಗಾಯಕ್ಕೂ ಸಂಪರ್ಕ ಆಗಿರುವುದು. ಅದು ಬಿದ್ದಾಗಲೇ ಆಗಿರುತ್ತದೆ. ಓಪನ್ ಟ್ರೀಟ್‌ಮೆಂಟ್ ಎಂದರೆ ಸರ್ಜನ್ ಕೊಯ್ದು ತೆರೆಯುವುದು. ಮೊದಲನೆಯದು ಐಸಿಡಿಯ (ರೋಗ, ಗಾಯಗಳ ಕೋಡ್) ವಿಷಯ, ಎರಡನೆಯದು ಸಿಪಿಟಿಯ (ಚಿಕಿತ್ಸೆಗಳ ಕೋಡ್) ವಿಷಯ. ಕ್ಲೋಸ್ಡ್ ಫ್ರ್ಯಾಕ್ಚರ್‌ಗೆ ಓಪನ್ ಟ್ರೀಟ್‌ಮೆಂಟ್ ಮಾಡುವುದು ದಿನಾ ನಡೆಯುವ ಕೆಲಸ. ಮುರಿತದ ಬಗೆಗೂ ಚಿಕಿತ್ಸೆಯ ಬಗೆಗೂ ಗಂಟು ಹಾಕಬೇಡಿ ಎಂದು ಸಿಪಿಟಿ ಪುಸ್ತಕದ ಮಸ್ಕ್ಯುಲೋಸ್ಕೆಲಿಟಲ್ ಭಾಗದ ಆರಂಭದಲ್ಲೇ ಹೇಳಿದ್ದಾರೆ. ಅದು ನಾನು ತೆರೆದೇ ನೋಡದ ಪುಟ. ಇನ್ನು ಓಪನ್ನೋ ಕ್ಲೋಸ್ಡೋ ಎಂದು ಡಾಕ್ಟರ್ ಬರೆದೇ ಇಲ್ಲದಿದ್ದರೆ ಕ್ಲೋಸ್ಡ್ ಎಂದೇ ಹಾಕಬೇಕು ಅಂತ ಐಸಿಡಿ ಮಾರ್ಗಸೂಚಿ ಹೇಳುತ್ತದೆ.

ಆ ಚಾರ್ಟ್‌ಗೆ ಬರಬೇಕಾಗಿದ್ದು 25606, ಅಂದರೆ ಚರ್ಮದ ಮೂಲಕ ಪಿನ್ ಹಾಕಿ ಕೂರಿಸುವುದು. ಜೊತೆಗೆ ಕ್ಲೋಸ್ಡ್ ಮುರಿತದ ಎಸ್52.551ಎ. ಒಂದು ಅಂಕಿ, ಒಂದು ಅಕ್ಷರ, ಅಷ್ಟೇ ವ್ಯತ್ಯಾಸ. ಆದರೆ ಮಾಡದ ಕೆಲಸಕ್ಕೆ ದುಡ್ಡು ಕೇಳಿದಂತಾಯಿತು, ಅಲ್ವಾ? ಹಳೆಯ ಚಾರ್ಟ್‌ಗಳಲ್ಲಿ 20 ತೆಗೆದು ನೋಡಿದರೆ 7ರಲ್ಲಿ ಇದೇ ಕಥೆ. ಕ್ಲೇಮ್‌ಗಳನ್ನು ತಿದ್ದಿ ಮತ್ತೆ ಕಳಿಸಬೇಕಾಯಿತು. ಎರಡು ತಿಂಗಳು ನನ್ನ ಪ್ರತಿ ಚಾರ್ಟನ್ನೂ ಇನ್ನೊಬ್ಬರು ನೋಡಿದ ಮೇಲೇ ಹೊರಗೆ ಬಿಡುತ್ತಿದ್ದರು.

ಅದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಬೇರೆ. ಅದೇ ರೋಗಿ ಮುಂದೆ ಚೆಕಪ್‌ಗೆ ಬಂದಾಗ, ಆ ಚಾರ್ಟ್ ಮಾಡಿದವರು ನನ್ನ ‘ಬಿ’ ನೋಡಿ ‘ಇ’ ಹಾಕಿದ್ದರು. ಓಪನ್ ಫ್ರ್ಯಾಕ್ಚರ್ ಸರಿಯಾಗಿ ಕೂಡಿಕೊಳ್ಳುತ್ತಿದೆ ಎಂಬುದಕ್ಕೆ ಇರುವ ಅಕ್ಷರ ಅದು. ಬರಬೇಕಾಗಿದ್ದು ಕ್ಲೋಸ್ಡ್‌ಗೆ ಇರುವ ‘ಡಿ’. ಇಲ್ಲದ ಗಾಯವೊಂದು ಆ ಮನುಷ್ಯನ ದಾಖಲೆಯಲ್ಲಿ ಬೆಳೆಯುತ್ತಾ ಹೋಗಿತ್ತು. ಅದನ್ನು ಶುರು ಮಾಡಿದ್ದು ನಾನು.

ಹಾಗಂತ ‘ಮುರಿದ ಜಾಗ ತೆರೆದಿಲ್ಲ ಅಂದ್ರೆ ಓಪನ್ ಅಲ್ಲ’ ಎಂದು ಇನ್ನೊಂದು ಸೂತ್ರ ಮಾಡಿಕೊಳ್ಳಬೇಡಿ. ಮೂಳೆಯ ಪೊಳ್ಳಿನೊಳಗೆ ರಾಡ್ ಹಾಕುವಾಗ ಮುರಿತದಿಂದ ದೂರದಲ್ಲಿ ಕೊಯ್ದು ಅಲ್ಲಿಂದ ತೂರಿಸುತ್ತಾರೆ. ಮುರಿದ ಜಾಗ ಕಣ್ಣಿಗೆ ಬೀಳದಿದ್ದರೂ ಸಿಪಿಟಿ ಅದನ್ನು ಓಪನ್ ಲೆಕ್ಕಕ್ಕೇ ಸೇರಿಸುತ್ತದೆ. ಮೊಣಕಾಲ ಕೆಳಗಿನ ಟಿಬಿಯಾ ಶಾಫ್ಟ್‌ಗೆ ಪ್ಲೇಟ್ ಸ್ಕ್ರೂ ಹಾಕಿದರೆ 27758, ರಾಡ್ ಹಾಕಿದರೆ 27759. ಯಾವ ಸಾಮಾನು ಹಾಕಿದರು ಎಂಬುದು ನೋಟ್‌ನ ನಡುವೆ, ಇಂಪ್ಲಾಂಟ್ ಅಳತೆ ಬರೆದಿರುವ ಸಾಲಿನಲ್ಲಿ ಸಿಗುತ್ತದೆ. ನಾನೀಗ ಮೊದಲು ಹುಡುಕುವುದೇ ಆ ಸಾಲನ್ನು.

ಆ ಹಾಳೆಯಲ್ಲಿ ಇನ್ನೂ ಎರಡು ತಪ್ಪುಗಳಿದ್ದವು. ‘ಎ’ ಅಂದರೆ ಮೊದಲ ಭೇಟಿ ಎಂದು ಬರೆದಿದ್ದರು. ಅಲ್ಲ, ಮುರಿತಕ್ಕೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವವರೆಗೂ ‘ಎ’. ಎಮರ್ಜೆನ್ಸಿಗೆ ಬಂದು 10 ದಿನ ಆದಮೇಲೆ ಸರ್ಜರಿ ಆದರೂ ‘ಎ’ನೇ. ಇನ್ನೊಂದು, ಪ್ಲೇಟ್ ತೆಗೆಯುವಾಗ ಸ್ಕ್ರೂ ಎಣಿಸಿ ಅಷ್ಟು ಸಲ 20680 (ಒಳಗಿನ ಇಂಪ್ಲಾಂಟ್ ತೆಗೆಯುವ ಕೋಡ್) ಹಾಕಿ ಎನ್ನುವುದು. ಒಂದು ಮುರಿತದ ಜಾಗದಿಂದ ಒಂದು ಪ್ಲೇಟ್, 8 ಸ್ಕ್ರೂ ತೆಗೆದರೂ ಕೋಡ್ ಒಂದೇ ಸಲ.

ತಲೆಬರಹ ಒಂದು ಹೇಳಿ, ಒಳಗಿನ ಬರಹ ಇನ್ನೊಂದು ಹೇಳಿದರೆ ಒಳಗಿನದನ್ನೇ ಹಿಡಿಯಿರಿ. ಅದೂ ಗೋಜಲಾಗಿದ್ದರೆ ಊಹೆ ಮಾಡಬೇಡಿ, ಸರ್ಜನ್‌ಗೆ ಕ್ವೆರಿ ಕಳಿಸಿ. ಕ್ವೆರಿ ಕಳಿಸಿದರೆ ಟಾರ್ಗೆಟ್ ಹೋಗುತ್ತದೆ ಎಂಬ ಭಯ ನನಗೂ ಇತ್ತು. ಉತ್ತರ ಬರುವವರೆಗೆ ಚಾರ್ಟನ್ನು ಹೋಲ್ಡ್‌ನಲ್ಲಿಡಿ, ಮುಂದಿನದಕ್ಕೆ ಹೋಗಿ.

ಆ ಹಾಳೆಯ ಫೋಟೋ ಈಗಲೂ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೇಲೆ ಹಳದಿ ಪಟ್ಟಿ, ಎರಡು ಕಾಲಂ, ಓಆರ್‌ಐಎಫ್ ಮುಂದೆ ‘ಬಿ’. ನಿಮಗೂ ಬಂದಿದ್ದರೆ ಅಳಿಸಿ, ಕಳಿಸಿದವರಿಗೂ ಹೇಳಿ.